ಉಗುರಿನ ಬಣ್ಣವನ್ನೂ ನೋಡಬೇಕು

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆಂಬುದು ನಮ್ಮ ಹಿರಿಯರ ಗಾದೆ. ಬಾಲಿಕೆಯರ ಆರೋಗ್ಯದ ವಿಷಯದಲ್ಲಿ ಈ ಮಾತು ಅಕ್ಷರಶಃ ಸಲ್ಲುವುದೆಂದು ನಾವು ಭಾವಿಸುತ್ತೇವೆ.

ಶಾಲೆಗಳಲ್ಲಿ ಉಗುರುಗಳನ್ನು ಪರೀಕ್ಷಿಸುವ ವಾಡಿಕೆಯುಂಟು. ಕೊಳೆಯಿದೆಯೇ, ಬೆಳೆದಿವೆಯೇ ಎಂದಷ್ಟೇ ನೋಡಿ ಮುಂದಿನ ಬಾಲಿಕೆಯ ಕಡೆಗೆ ತಿರುಗುವುದು ಸಾಲದು. ಅವುಗಳ ಬಣ್ಣವನ್ನೂ ಆಕಾರವನ್ನೂ ಗಮನಿಸತಕ್ಕದ್ದು.

ಸ್ವಸ್ಥವಾದ ಉಗುರು ನಸುಗೆಂಪಾಗಿ ಕಾಣುವುದು ಅದರಡಿಯಲ್ಲಿ ಹರಿಯುವ ರಕ್ತದಿಂದಲೇ. ರಕ್ತವು ಕ್ಷೀಣಿಸಿದಲ್ಲಿ ಆ ಕೆಂಪು ಮಾಸಿ ಬಿಳಿಚುವುದು. ಕಬ್ಬಿಣಾಂಶದ ಕೊರತೆಯು ಬಹುಕಾಲ ಉಳಿದರೆ ಕೆಲವರ ಉಗುರು ತೆಳುವಾಗಿ, ನಡುವೆ ತಗ್ಗಿ, ಚಮಚದಂತಾಗುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದ್ದಿತು. ಹೀಗಿರಲು, ಪಾಠದಲ್ಲಿ ತೂಕಡಿಸುವವಳನ್ನು ಸೋಮಾರಿಯೆಂದು ಜರೆಯುವುದೂ, ಬಿಳಿಚಿದವಳನ್ನು ಬೆಳ್ಳಗಿರುವಳೆಂದು ಹೊಗಳುವುದೂ ಎಂತಹ ಅನ್ಯಾಯ!

ಉಗುರು ಇತರ ಸಂಗತಿಗಳನ್ನೂ ತಿಳಿಸುವುದು. ಕಠಿಣವಾದ ಜ್ವರದ ತರುವಾಯ ಉಗುರಿನಲ್ಲಿ ಅಡ್ಡಗೆರೆ ಮೂಡಬಹುದೆಂದು ಫ್ರಾನ್ಸಿನ ವೈದ್ಯರಾದ ಬೋ ಎಂಬವರು 1846ರಲ್ಲಿ ವರ್ಣಿಸಿದರು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುವುದರಿಂದ, ಗೆರೆಯಿರುವ ದೂರದಿಂದ ಕಾಯಿಲೆಯ ಕಾಲವನ್ನು ಊಹಿಸಬಹುದು. ಬೆರಳ ತುದಿ ದಪ್ಪವಾಗಿ ಉಗುರು ಗುಮ್ಮಟದಂತೆ ಬಾಗಿದ್ದರೆ ಶ್ವಾಸಕೋಶವನ್ನೂ ಹೃದಯವನ್ನೂ ಪರೀಕ್ಷಿಸಬೇಕು. ಬಿಳಿ ಚುಕ್ಕೆಗಳಾದರೋ ಸುಣ್ಣದಂಶದ ಕೊರತೆಯಿಂದ ಬಂದವೆಂದು ಜನರು ನಂಬಿದರೂ, ಹೆಚ್ಚಾಗಿ ಸಣ್ಣಪುಟ್ಟ ಪೆಟ್ಟುಗಳಿಂದಲೇ ಉಂಟಾಗುವುವು, ಅವುಗಳಿಗೆ ಅಂಜಬೇಕಾದುದಿಲ್ಲ.

ಆದರೆ ಉಗುರು ಸೂಚನೆ ಕೊಡುವುದೇ ಹೊರತು ತೀರ್ಪು ಕೊಡಲಾರದು. ಮದರಂಗಿಯೂ ಬಣ್ಣವೂ ಅದನ್ನು ಮರೆಮಾಡುವುವು. ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನೂ ನಾಲಗೆಯನ್ನೂ ನೋಡಬೇಕು. ನಿಶ್ಚಯಕ್ಕೆ ರಕ್ತಪರೀಕ್ಷೆಯೇ ಬೇಕು. 12 ವರ್ಷ ತುಂಬಿದ ಬಾಲಿಕೆಯ 100 ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ತಿಂಗಳ ಸ್ರಾವದ ಆಧಿಕ್ಯ, ಕೊಕ್ಕೆಹುಳು, ಆಹಾರದ ಕೊರತೆ ಇವುಗಳಲ್ಲಿ ಯಾವುದು ಕಾರಣವೆಂದು ವೈದ್ಯರೇ ನಿರ್ಣಯಿಸಲಿ.

ಮನೆಯಲ್ಲಿ ಮಾಡತಕ್ಕುದೂ ಇದೆ. ರಾಗಿ, ಹುರುಳಿ, ಸೊಪ್ಪುಗಳೊಡನೆ ನಿಂಬೆಯನ್ನಾಗಲಿ ನೆಲ್ಲಿಯನ್ನಾಗಲಿ ಸೇವಿಸಿದರೆ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಹತ್ತುವುದು. ಊಟದೊಡನೆ ಕುಡಿದ ಚಹವು ಅದನ್ನು ತಡೆಯುವುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ನಮ್ಮ ಬಾಲಿಕೆಯರು ಕಿಟಕಿಯಾಚೆ ಎಸೆಯದಿರಲಿ. ಎಲ್ಲರಿಗೂ ಉಣಬಡಿಸಿ ಉಳಿದುದನ್ನು ಉಣ್ಣುವ ಪದ್ಧತಿಯನ್ನು ಹೆಣ್ಣುಮಕ್ಕಳಿಗೆ ಕಲಿಸುವುದನ್ನು ತಾಯಂದಿರು ಬಿಡಲಿ.

ಅಧ್ಯಾಪಿಕೆಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಬಿಳಿಚಿದ ಉಗುರನ್ನು ಕಂಡರೆ ಸಾಲಿನೆದುರು ಹೇಳಿ ನಾಚಿಸದೆ, ಬೇರೆಯಾಗಿ ಕರೆದು ವಿಚಾರಿಸಿ, ತಾಯಿಗೆ ಚೀಟಿ ಕಳುಹಿಸಿರಿ. ಅಂಗೈ ತೋರಿಸಿ ಭವಿಷ್ಯ ಕೇಳುವವರು ನಮ್ಮಲ್ಲಿ ಬಹಳ. ಆ ಕೈಯನ್ನೇ ಮಗುಚಿ ನೋಡಿದರೆ, ನಾವು ಈಗಲೇ ಸರಿಪಡಿಸಬಹುದಾದುದು ಅಲ್ಲಿ ಕಾಣಬಹುದು.