ಕಡಲಾಚೆಯ ಪಿಂಚಣಿ

ವಾರ್ಷಿಕ ಸಂಚಿಕೆಗೆ ವರಮಾನ ತೆರಿಗೆಯಂಥ ಶುಷ್ಕ ವಿಷಯವನ್ನು ಆರಿಸಿಕೊಂಡಿರುವೆನೆಂದು ನನ್ನ ಸಹಪಾಠಿಗಳು ನಗಬಹುದು. ನಮ್ಮ ಗುಂಜಹಳ್ಳಿಯಲ್ಲಿ ಪಿಂಚಣಿ ಪಡೆಯುವವರೆಷ್ಟು ಮಂದಿ, ಅವರಲ್ಲಿ ಕಡಲು ದಾಟುವವರೆಷ್ಟು ಮಂದಿ ಎಂದು ಎಣಿಸಹೊರಟರೆ ಒಂದು ಕೈಯ ಬೆರಳುಗಳೇ ಹೆಚ್ಚಾದಾವು. ಆದರೆ ಆ ಒಬ್ಬಿಬ್ಬರಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರೂ ಸೇರಿದ್ದಾರೆ. ಆದಕಾರಣ ಈ ಲೇಖನ.

ಮಾಸ್ತರರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಪತ್ನಿ ತೀರಿಕೊಂಡು ಎರಡು ವರ್ಷಗಳಾದುವು. ಒಬ್ಬನೇ ಮಗ, ದುಬೈಯಲ್ಲಿ ಇಂಜಿನಿಯರ್. "ಅಪ್ಪಾ, ಇಲ್ಲೇ ಬಂದುಬಿಡ್ರಿ" ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಕಳೆದ ದೀಪಾವಳಿಯ ಸುಮಾರಿಗೆ ಮಾಸ್ತರರು ನನ್ನನ್ನು ಕರೆಸಿ ಕಾಗದಗಳ ಕಟ್ಟೊಂದನ್ನು ಮುಂದಿಟ್ಟು, "ತಮ್ಮಾ, ನನ್ನ ಕಣ್ಣು ಸಾಲಂಗಿಲ್ಲ. ನಾ ಅಲ್ಲಿ ಹೋಗಿ ಕುಂತರ ನನ್ನ ಪಿಂಚಣಿಗೆ ಏನಾಗ್ತದ, ಓದಿ ಹೇಳು" ಎಂದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಪ್ಪನಿಗೆ ಸಹಿ ಮಾಡಲು ಬರುತ್ತದೆ, ಅವ್ವನಿಗೆ ಅದೂ ಇಲ್ಲ. ಅಂಥ ಮನೆಯ ಹುಡುಗನ ಕೈಗೆ ಗುರುಗಳೇ ಕಾಗದ ಕೊಟ್ಟು ಓದಿಸಿದಾಗ ಹೆಮ್ಮೆಗಿಂತ ಭಯವೇ ಹೆಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಓದಿದೆ. ತಿಳಿದುದು ಇಷ್ಟು. ಒಂದು ದೇಶದಲ್ಲಿ ದುಡಿದು ಇನ್ನೊಂದು ದೇಶದಲ್ಲಿ ನೆಲೆಸಿದವನಿಂದ ಎರಡೂ ಕಡೆ ತೆರಿಗೆ ಕೀಳಬಾರದೆಂದು ಸರಕಾರಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿರುತ್ತವೆ. ಭಾರತವು ಬ್ರಿಟನ್ನಿನೊಡನೆ ೧೯೯೩ರಲ್ಲಿ ಮಾಡಿಕೊಂಡ ಒಪ್ಪಂದವನ್ನೇ ನೋಡಿರಿ. ಖಾಸಗಿ ಪಿಂಚಣಿಯಾದರೆ ನೆಲೆಸಿದ ದೇಶದ ಪಾಲು. ಸರಕಾರಿ ಸೇವೆಯ ಪಿಂಚಣಿಯಾದರೆ, ನಿವೃತ್ತನು ಆ ದೇಶದ ಪೌರತ್ವವನ್ನೇ ಪಡೆದು ಅಲ್ಲಿಯೇ ನೆಲೆಸದ ಹೊರತು, ಕೊಡುವ ದೇಶದ ಪಾಲು. ಇದು ನ್ಯಾಯವಾಗಿಯೇ ಇದೆ. ದುಬೈಯಲ್ಲಂತೂ ವ್ಯಕ್ತಿಗಳ ವರಮಾನದ ಮೇಲೆ ತೆರಿಗೆಯೇ ಇಲ್ಲ. ಹಾಗಾದರೆ ಮಾಸ್ತರರಿಗೆ ತೊಡಕೇನು? ತೊಡಕು ಅಲ್ಲಿಯದಲ್ಲ, ಇಲ್ಲಿಯದು.

೨೦೨೫–೨೬ರ ಲೆಕ್ಕವನ್ನೇ ಹಿಡಿಯೋಣ. ತಿಂಗಳಿಗೆ ೬೦,೦೦೦ ರೂಪಾಯಿ ಪಿಂಚಣಿಯೆಂದರೆ ವರ್ಷಕ್ಕೆ ೭,೨೦,೦೦೦. ಹೊಸ ಪದ್ಧತಿಯಲ್ಲಿ ಎಲ್ಲರಿಗೂ ಬಿಡುವ ೭೫,೦೦೦ ಕಳೆದರೆ ಉಳಿಯುವುದು ೬,೪೫,೦೦೦. ಊರಿನಲ್ಲೇ ಇದ್ದವನಿಗೆ ಇದರ ಮೇಲೆ ಬಿಡಿಗಾಸಿನ ತೆರಿಗೆಯೂ ಇಲ್ಲ, ಏಕೆಂದರೆ ೧೨ ಲಕ್ಷದವರೆಗಿನ ವರಮಾನಕ್ಕೆ ಬೀಳುವ ತೆರಿಗೆಯನ್ನು ಸರಕಾರ ಪೂರ್ತಿ ಮನ್ನಾ ಮಾಡುತ್ತದೆ. ಆದರೆ ಈ ಮನ್ನಾ 'ನಿವಾಸಿ'ಗೆ ಮಾತ್ರ. ವರ್ಷವಿಡೀ ಮಗನ ಮನೆಯಲ್ಲಿದ್ದವನು ಕಾಯಿದೆಯ ಕಣ್ಣಿಗೆ ಅನಿವಾಸಿ. ಅವನಿಗೆ ಮೊದಲ ನಾಲ್ಕು ಲಕ್ಷ ಬಿಟ್ಟು ಮಿಕ್ಕ ೨,೪೫,೦೦೦ಕ್ಕೆ ನೂರಕ್ಕೆ ಐದರಂತೆ ೧೨,೨೫೦, ಅದರ ಮೇಲೆ ನೂರಕ್ಕೆ ನಾಲ್ಕರ ಸೆಸ್ಸು ಸೇರಿ ೧೨,೭೪೦ ರೂಪಾಯಿ. ಬ್ಯಾಂಕಿನ ಠೇವಣಿಯ ಬಡ್ಡಿಯದು ಬೇರೆಯೇ ಕಥೆ. ಅನಿವಾಸಿಯ ಖಾತೆಯಾದೊಡನೆ ಆ ಬಡ್ಡಿಯಲ್ಲಿ ನೂರಕ್ಕೆ ಮೂವತ್ತು, ಮೇಲೆ ಸೆಸ್ಸು, ಮೊದಲೇ ಮುರಿದುಕೊಳ್ಳುತ್ತಾರೆ. ಹೆಚ್ಚಾದುದನ್ನು ಆಮೇಲೆ ಅರ್ಜಿ ಹಾಕಿ ಹಿಂಪಡೆಯಬೇಕು. ಎಪ್ಪತ್ತರ ಹತ್ತಿರ ಬಂದವರಿಗೆ ಇದೊಂದು ಹೊಸ ನೌಕರಿ.

೧೨,೭೪೦ ರೂಪಾಯಿ ದೊಡ್ಡ ಮೊತ್ತವೇ ಎಂದು ಬೆಂಗಳೂರಿನವರು ಕೇಳಬಹುದು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ ೩೭೦ ರೂಪಾಯಿ ಇತ್ತು. ಅಂದರೆ ನಮ್ಮವ್ವ ಬಿಸಿಲಿನಲ್ಲಿ ಮೂವತ್ನಾಲ್ಕು ದಿನ ಮಣ್ಣು ಹೊತ್ತ ಮೇಲೆ ಕೈಗೆ ಬರುವ ಹಣ. ರಾಯಚೂರಿನ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಇತಿಹಾಸದ ಪುಟಗಳನ್ನು ತಿರುವಿದಾಗ ನನಗೆ ಬಂದ ಸಿಟ್ಟನ್ನು ವಾಚಕರು ಮನ್ನಿಸಬೇಕು. ದಾದಾಭಾಯಿ ನವರೋಜಿಯವರು ಭಾರತದ ಸಂಪತ್ತು ಸೋರಿಹೋಗುವ ದಾರಿಗಳನ್ನು ಎಣಿಸಿದಾಗ, ಇಲ್ಲಿ ಅಧಿಕಾರ ನಡೆಸಿ ಇಂಗ್ಲೆಂಡಿಗೆ ಮರಳಿದ ಬಿಳಿಯ ಅಧಿಕಾರಿಗಳ ಪಿಂಚಣಿಯೂ ಅವುಗಳಲ್ಲೊಂದಾಗಿತ್ತು. ನಮ್ಮ ರೈತನ ಕಂದಾಯದಿಂದ ಸಂದಾಯವಾಗುತ್ತಿದ್ದ ಹಣವದು. ೧೯೩೫ರ ಭಾರತ ಸರಕಾರ ಕಾಯಿದೆಯು ಅಂಥವರು ಭಾರತದ ಹೊರಗೆ ಕಾಯಮ್ಮಾಗಿ ನೆಲೆಸಿದ್ದರೆ ಅವರ ಪಿಂಚಣಿಯನ್ನು ಇಲ್ಲಿಯ ತೆರಿಗೆಗಳಿಂದ ಮುಕ್ತಗೊಳಿಸಿತು. ಸ್ವಾತಂತ್ರ್ಯ ಬಂದಿತು, ಸಂವಿಧಾನ ಬಂದಿತು. ಆದರೂ ೧೯೬೧ರ ವರಮಾನ ತೆರಿಗೆ ಕಾಯಿದೆಯಲ್ಲಿ, ಸಂವಿಧಾನದ ೩೧೪ನೆಯ ವಿಧಿಯ ರಕ್ಷಣೆ ಪಡೆದಿದ್ದ ಹಳೆಯ ಅಧಿಕಾರಿಗಳು ಪರದೇಶದಲ್ಲಿ ಕಾಯಮ್ಮಾಗಿ ನೆಲೆಸಿ ಅಲ್ಲಿಯೇ ಪಡೆಯುವ ಪಿಂಚಣಿಯು ಭಾರತದಲ್ಲಿ ಹುಟ್ಟಿದ ವರಮಾನವೆಂದು ಎಣಿಕೆಯಾಗದೆಂಬ ಮಾತು ಸೇರಿತು. ಆ ವಿಧಿಯನ್ನು ೧೯೭೨ರಲ್ಲಿ ಸಂವಿಧಾನದಿಂದ ಕಿತ್ತುಹಾಕಿದರು. ಗವರ್ನರನ ಕಚೇರಿಯ ದೊರೆ ಕಡಲು ದಾಟಿದಾಗ ತೆರಿಗೆ ಇಲ್ಲ, ಗುಂಜಹಳ್ಳಿಯ ಮಾಸ್ತರರು ದಾಟಿದರೆ ಇದ್ದ ಮನ್ನಾವೂ ಇಲ್ಲ!

ಪರದೇಶವೆಂಬುದು ನಮ್ಮ ಭಾಗದವರಿಗೆ ಹೊಸ ಮಾತೇನಲ್ಲ. ೧೯೪೮ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಪ್ರಜೆಗಳು. ತುಂಗಭದ್ರೆಯ ಆಚೆಯ ದಂಡೆಯ ಮಂತ್ರಾಲಯ ಮದರಾಸು ಪ್ರಾಂತಕ್ಕೆ ಸೇರಿತ್ತು. ಈ ದಂಡೆಯಲ್ಲಿ ಹಾಲಿ ಸಿಕ್ಕಾ, ಆ ದಂಡೆಯಲ್ಲಿ ಕಲದಾರ. ಏಳು ಹಾಲಿ ಕೊಟ್ಟರೆ ಆರು ಕಲದಾರ ಬರುತ್ತಿತ್ತು. ನಿಜಾಮ ಸರಕಾರದ ಪಿಂಚಣಿದಾರನು ರಾಯರ ಸನ್ನಿಧಿಯಲ್ಲಿ ಕಡೆಗಾಲ ಕಳೆಯಬಯಸಿದರೆ ದೋಣಿಯಲ್ಲಿ ಕುಳಿತೇ ಈ ಲೆಕ್ಕ ಹಾಕಿಕೊಳ್ಳಬೇಕಾಗಿತ್ತು. ಇಂದು ದೋಣಿ ಹೋಗಿ ವಿಮಾನ ಬಂದಿದೆ.

ಸರಕಾರದ ಪರವಾಗಿಯೂ ಒಂದು ಮಾತು ಹೇಳಬೇಕು. ಅನಿವಾಸಿಯ ಹೊರದೇಶದ ಗಳಿಕೆ ನಮ್ಮ ತೆರಿಗೆಯ ಲೆಕ್ಕಕ್ಕೆ ಬಾರದು. ಅಲ್ಲಿ ಕೋಟಿ ಗಳಿಸುವವನು ಇಲ್ಲಿಯ ಸಣ್ಣ ಬಾಡಿಗೆಯೊಂದನ್ನೇ ತೋರಿಸಿ ಬಡವರ ಮನ್ನಾ ಕೇಳಿದರೆ ಕೊಡುವುದೆಂತು? ಈ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಅರವತ್ತು ದಾಟಿದ, ಸರಕಾರಿ ಪಿಂಚಣಿಯ ಹೊರತು ಬೇರೆ ಗಳಿಕೆಯಿಲ್ಲದ ವೃದ್ಧರ ಪ್ರಶ್ನೆ ಬೇರೆ. ಅವರ ಪಿಂಚಣಿಯ ಪ್ರತಿಯೊಂದು ಪೈಸೆಯೂ ಖಜಾನೆಗೆ ಗೊತ್ತು, ಕೊಡುವುದೇ ಖಜಾನೆ. ಬದುಕಿರುವೆನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವವರು, ಬೇರೆಲ್ಲಿಯೂ ಗಳಿಕೆಯಿಲ್ಲವೆಂದು ಇನ್ನೊಂದು ಪ್ರಮಾಣಪತ್ರ ಕೊಡಲಾರರೆ? ಅಷ್ಟರಮೇಲೆ ನಿವಾಸಿಗಿರುವ ಮನ್ನಾವನ್ನು ಇವರಿಗೂ ಕೊಟ್ಟರೆ ಬೊಕ್ಕಸವೇನೂ ಬರಿದಾಗದು.

ಮನಸ್ಸಿದ್ದಾಗ ಸರಕಾರ ದಾರಿ ಹುಡುಕದೆ ಇಲ್ಲ. ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ದುಡಿದು ನಿವೃತ್ತಿಯ ನಿಧಿಯೊಡನೆ ಸ್ವದೇಶಕ್ಕೆ ಮರಳಿದವರು ಎರಡು ದೇಶಗಳಲ್ಲಿ ಬೇರೆ ಬೇರೆ ಕಾಲಕ್ಕೆ ತೆರಿಗೆ ತೆತ್ತು ಕಂಗೆಡಬಾರದೆಂದು ೨೦೨೧ರಲ್ಲಿ ಹೊಸ ಏರ್ಪಾಡು ಮಾಡಿತು. ಇದಕ್ಕೂ ಹಿಂದೆ, ೨೦೨೦ರಲ್ಲಿ, ಇಲ್ಲಿಂದ ೧೫ ಲಕ್ಷಕ್ಕಿಂತ ಹೆಚ್ಚು ವರಮಾನವಿದ್ದು ಬೇರಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆ ದುಬೈಯಲ್ಲಿದ್ದರೂ ಅವನನ್ನು ನಿವಾಸಿಯೆಂದೇ ಭಾವಿಸತಕ್ಕದ್ದೆಂದು ತಿದ್ದುಪಡಿ ತಂದಿತು. ತೆಗೆದುಕೊಳ್ಳುವಾಗ ದೂರದವನನ್ನೂ ಮನೆಯವನೆಂದು ಕರೆಯಬಲ್ಲ ಕಾಯಿದೆಗೆ ಬಿಡುವಾಗ ಮಾತ್ರ ನಾಲಗೆ ಹೊರಳುವುದಿಲ್ಲ. ಹೊರಗೆ ಹೋದ ವೃದ್ಧರನ್ನು ಮರೆಯುವುದರಲ್ಲಿ ನಾವೇ ಮೊದಲಿಗರೇನಲ್ಲ ಎನ್ನಿ. ಬ್ರಿಟನ್ನಿನ ರಾಜ್ಯ ಪಿಂಚಣಿ ಪಡೆಯುತ್ತ ಭಾರತದಲ್ಲಿ ನೆಲೆಸಿದವರಿಗೆ ಅಲ್ಲಿಯ ವಾರ್ಷಿಕ ಹೆಚ್ಚಳ ದೊರೆಯುವುದಿಲ್ಲ.

೨೦೨೫ರಲ್ಲಿ ಸಂಸತ್ತು ಹೊಸ ವರಮಾನ ತೆರಿಗೆ ಕಾಯಿದೆಯನ್ನು ಅಂಗೀಕರಿಸಿತು. ಅದರ ಜಾರಿಯ ದಿನ ೨೦೨೬ರ ಏಪ್ರಿಲ್ ೧. ಭಾಷೆ ಸರಳವಾಯಿತೆಂದು ಪತ್ರಿಕೆಗಳು ಹೊಗಳಿದುವು. ನಮ್ಮ ಮಾಸ್ತರರ ವಿಷಯದಲ್ಲಿ ಮಾತ್ರ ಹಳೆಯ ಮಾತೇ ಉಳಿಯಿತು. ನಮ್ಮ ಭಾಗದ ಸದಸ್ಯರಾದರೂ ಇದನ್ನೊಮ್ಮೆ ದೆಹಲಿಯಲ್ಲಿ ಎತ್ತಬಾರದೆ?

ಇಷ್ಟೆಲ್ಲ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿ ಮಾಸ್ತರರಿಗೆ ಒಪ್ಪಿಸಿದೆ. ಅವರು ಕನ್ನಡಕ ಏರಿಸಿ, ಹಳೆಯ ಅಭ್ಯಾಸದಂತೆ ಕೂಡಿಸಿದ್ದು ಸರಿಯಿದೆಯೇ ಎಂದು ಮೊದಲು ನೋಡಿದರು. ಆಮೇಲೆ, "ರೊಕ್ಕದ ಮಾತು ಅಲ್ಲ ತಮ್ಮಾ. ಮೂವತ್ತೆಂಟು ವರ್ಷ ಈ ಜಿಲ್ಲಾದಾಗ ಪಾಠ ಮಾಡೀನಿ. ಕಾಗದದಾಗ ನನ್ನ ಹೆಸರಿನ ಮುಂದ ಅನಿವಾಸಿ ಅಂತ ಬರಿಯೋದು ಹ್ಯಾಂಗ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾಳೆಯನ್ನು ಮಡಿಚಿ ಪಾಸ್‌ಪೋರ್ಟಿನೊಳಗಿಟ್ಟರು. ಮಗನ ಫೋನು ಈಗಲೂ ವಾರಕ್ಕೊಮ್ಮೆ ಬರುತ್ತದೆ.