ಕಾಲಿಲ್ಲ, ಆದರೂ ನಡೆಯುತ್ತದೆ!

ಕಾಲಿಲ್ಲ, ನಡೆಯುತ್ತದೆ, ಬಾಯಿಲ್ಲ, ತಿನ್ನುತ್ತದೆ. ಏನಿದು, ಹೇಳಿ ಮಕ್ಕಳೇ? ಅಜ್ಜ ಅಜ್ಜಿಯನ್ನೂ ಕೇಳಿ ನೋಡಿ. ಅವರೂ ಸೋತರೆ ಉತ್ತರ ಇಲ್ಲಿದೆ: ಅಮೀಬಾ!

ಕೆರೆ, ಹೊಂಡಗಳ ತಳದ ಕೆಸರಿನಲ್ಲಿ, ಕೊಳೆತ ಎಲೆಗಳ ಮೇಲೆ ಇದರ ವಾಸ. ಇಡೀ ಮೈ ಒಂದೇ ಒಂದು ಜೀವಕೋಶ. ಸರಿಯಾಗಿ ನೋಡಲು ಸೂಕ್ಷ್ಮದರ್ಶಕ ಬೇಕು. ಮುಂದೆ ಸಾಗುವಾಗ ಇದರ ಮೈ ಒಂದು ಕಡೆ ಉಬ್ಬುತ್ತದೆ. ಒಳಗಿನ ದ್ರವ ಅತ್ತ ಹರಿಯುತ್ತದೆ. ಉಳಿದ ಮೈ ಹಿಂದೆಯೇ ಬರುತ್ತದೆ. ಬೇಕಾದಾಗ ಮೂಡಿ, ಬೇಡವಾದಾಗ ಮಾಯವಾಗುವ ಈ ಕಾಲಿಗೆ ಮಿಥ್ಯಾಪಾದ ಎಂದು ಹೆಸರು. ಆಹಾರ ಸಿಕ್ಕರೆ ಅದನ್ನು ಮಿಥ್ಯಾಪಾದಗಳಿಂದಲೇ ತಬ್ಬಿ ಮೈಯೊಳಗೆ ಸೇರಿಸಿಕೊಳ್ಳುತ್ತದೆ.

ಇಂಥದೇ ನಡಿಗೆ ನಮ್ಮ ಮೈಯೊಳಗೂ ಇದೆ! 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ, ಅಮೀಬಾದಂತೆ ಹರಿದಾಡುವ ಕೋಶಗಳು ಮುಳ್ಳನ್ನು ಮುತ್ತಿದ್ದವು! ಇಂಥ ಕೋಶಗಳೇ ಮೈಯನ್ನು ಕಾಯುತ್ತವೆ ಎಂದು ಅವರು ಹೇಳಿದರು. 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆಡುವಾಗ ಬಿದ್ದು ಮಂಡಿ ತರಚಿತೇ? ನಮ್ಮ ಬಿಳಿ ರಕ್ತಕಣಗಳು ಮೈಯನ್ನು ಕಿರಿದಾಗಿಸಿಕೊಂಡು ರಕ್ತನಾಳದ ಗೋಡೆಯಿಂದ ನುಸುಳಿ ಬರುತ್ತವೆ; ರೋಗಾಣುಗಳನ್ನು ನುಂಗುತ್ತವೆ. ಗಾಯದಲ್ಲಿ ಕೀವು ಕಂಡರೆ, ಅದರಲ್ಲಿ ಹೀಗೆ ಕಾದಾಡಿ ಸತ್ತ ಕಣಗಳು ತುಂಬಿರುತ್ತವೆ. ಆದ್ದರಿಂದ ಬೈಗುಳಕ್ಕೆ ಹೆದರಿ ಗಾಯವನ್ನು ಮುಚ್ಚಿಡಬೇಡಿ. ಕೂಡಲೇ ಸೋಪು, ಶುದ್ಧ ನೀರಿನಿಂದ ತೊಳೆದು ಮನೆಯವರಿಗೆ ತೋರಿಸಿ. ನಿಮ್ಮೊಳಗಿನ ಕಾವಲುಗಾರರ ಕೆಲಸ ಅಷ್ಟು ಹಗುರವಾಗುತ್ತದೆ.