ಬೀಳುವುದಕ್ಕೂ ಒಂದು ಜಾಗ ಬೇಕು

ಮೊದಲ ದಿನ ಐದು ಸಲ ಬಿದ್ದೆ. ಐದು ಸಲವೂ ಗಾಡಿ ಎತ್ತಿ ನಿಲ್ಲಿಸಿದ್ದು ನಾನೇ. ಬೆಂಗಳೂರಿನಾಚೆ ಇರುವ ಆ ಮಣ್ಣಿನ ಟ್ರ್ಯಾಕ್‌ನಲ್ಲಿ ಪೆಟ್ಟಾಗದಿದ್ದರೆ ಬಿದ್ದವನೇ ಗಾಡಿ ಎತ್ತಬೇಕು. ಹೊರಡುವ ಹಿಂದಿನ ರಾತ್ರಿ ಅವ್ವ, "ಬೀಳಕ್ಕೂ ದುಡ್ ಕೊಟ್ಟು ಓಯ್ತಾರೇನ್ಲಾ?" ಎಂದು ಕೇಳಿದ್ದಳು. ಆಗ ಉತ್ತರ ಹೊಳೆದಿರಲಿಲ್ಲ.

ನಮ್ಮದು ಬಿಳಿಗೆರೆ. ಅತ್ತ ನಂಜನಗೂಡು, ಇತ್ತ ತಿ. ನರಸೀಪುರ. ಇಲ್ಲಿನ ಹುಡುಗರು ಗಾಡಿ ಕಲಿಯುವುದು ನಾಲೆ ಏರಿಯ ಮೇಲೆ, ಅಪ್ಪನ ಎಕ್ಸೆಲ್ ಸೂಪರ್‌ನಲ್ಲಿ. ಲೈಸೆನ್ಸ್ ಬರುವ ಮೊದಲೇ ಕಲಿತಿರುತ್ತೇವೆ. ಅದು ತಪ್ಪು, ಆದರೆ ನಡೆಯುತ್ತಿರುವುದು ಹಾಗೆಯೇ. ಹುಲ್ಲಿನ ಹೊರೆ ಕಟ್ಟಿಕೊಂಡು ಕೆಸರಿನಲ್ಲಿ ಓಡಿಸಿದವನಿಗೆ ಟ್ರ್ಯಾಕ್ ಏನು ಮಹಾ ಎಂಬ ಜಂಬದಲ್ಲೇ ನಾನು ಚಿಕ್ಕಪ್ಪನ ಮಗನ ಎಕ್ಸ್‌ಪಲ್ಸ್ 200 ತೆಗೆದುಕೊಂಡು ಹೋಗಿದ್ದೆ.

ಜಂಬ ಅರ್ಧ ಗಂಟೆಯಲ್ಲಿ ಇಳಿಯಿತು. ಎಕ್ಸ್‌ಪಲ್ಸ್ ಕಾಡುದಾರಿ, ಕಲ್ಲುದಾರಿಗೆ ಮಾಡಿದ ಗಾಡಿ. ಮೋಟೊಕ್ರಾಸ್ ಗಾಡಿ ಬೇರೆ ಜಾತಿಯದು. ಅದಕ್ಕೆ ಹೆಡ್‌ಲೈಟ್ ಇಲ್ಲ, ಹಾರನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ರಸ್ತೆಗಿಳಿಸುವಂತೆಯೂ ಇಲ್ಲ. ಅದರ ತೂಕ 110 ಕೆ.ಜಿ. ಆಸುಪಾಸು, ನನ್ನದು 155ರ ಹತ್ತಿರ. ಅದರ ಮುಂದಿನ ಸಸ್ಪೆನ್ಷನ್ ಸುಮಾರು 300 ಮಿ.ಮೀ. ಕುಗ್ಗಿ ಹೊಡೆತ ನುಂಗುತ್ತದೆ, ಎಕ್ಸ್‌ಪಲ್ಸ್‌ನದು 190 ಮಾತ್ರ. ಈ ವ್ಯತ್ಯಾಸ ಕಾಗದದಲ್ಲಿ ಓದಿದರೆ ಅರ್ಥವಾಗುವುದಿಲ್ಲ. ಮಣ್ಣಿನ ದಿಬ್ಬದಿಂದ ಹಾರಿ ಮಟ್ಟಸ ನೆಲಕ್ಕೆ ಬಂದಾಗ ಸಸ್ಪೆನ್ಷನ್ ತಳ ಮುಟ್ಟಿ ಠಣ್ ಎನ್ನುತ್ತದಲ್ಲ, ಮಿಕ್ಕ ಹೊಡೆತ ಮಣಿಕಟ್ಟಿಗೂ ಬೆನ್ನುಮೂಳೆಗೂ ಬರುತ್ತದಲ್ಲ, ಆಗ ಅರ್ಥವಾಗುತ್ತದೆ.

ಅದಕ್ಕೇ ಕೋಚ್ ನನಗೆ ಹಾರಲು ಬಿಡಲಿಲ್ಲ. ಬೆಳಗ್ಗೆಯೆಲ್ಲ ಎರಡು ಕೋನ್‌ಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸಿದರು. ಕುಳಿತಲ್ಲ, ಫುಟ್‌ಪೆಗ್ ಮೇಲೆ ನಿಂತು. ಮೊಣಕಾಲು ಸಡಿಲ, ಮೊಣಕೈ ಅಗಲ, ಗಾಡಿಯನ್ನು ಹಿಡಿಯುವುದು ಕೈಯಿಂದಲ್ಲ, ತೊಡೆಯಿಂದ. ತಿರುವಿನಲ್ಲಿ ಭಾರ ಹೊರಗಿನ ಪೆಗ್ ಮೇಲೆ. ಪುಡಿಮಣ್ಣಿನ ತಿರುವಿನಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ಚಕ್ರ ಜಾರಿ ಬೀಳುವುದು ಖಂಡಿತ. ನನ್ನ ಐದರಲ್ಲಿ ಮೂರು ಬೀಳು ಅದರಿಂದಲೇ ಆದವು. ಉಳಿದೆರಡಕ್ಕೆ ಕಾರಣ ಕಣ್ಣು. ಗುಂಡಿಯನ್ನು ನೋಡುತ್ತ ಹೋದರೆ ಗಾಡಿ ಗುಂಡಿಗೇ ಹೋಗುತ್ತದೆ. ಸಂಜೆ ಹೊತ್ತಿಗೆ ಒಂದು ಟೇಬಲ್‌ಟಾಪ್ ದಿಬ್ಬವನ್ನು, ಅಂದರೆ ಏರು, ಮೇಲೆ ಮಟ್ಟಸ, ಆಮೇಲೆ ಇಳಿಜಾರು ಇರುವ ದಿಬ್ಬವನ್ನು, ಚಕ್ರ ನೆಲ ಬಿಡದಂತೆ ಏರಿ ಇಳಿದೆ. ಅಷ್ಟೇ ನನ್ನ ಸಾಧನೆ. ವಿಡಿಯೊದಲ್ಲಿ ನೋಡಿದರೆ ಎಮ್ಮೆ ಏರಿ ಹತ್ತಿದ ಹಾಗಿದೆ.

ಇದನ್ನೆಲ್ಲ ಬರೆಯಲು ಕಾರಣ ನನ್ನ ಒಬ್ಬ ಗೆಳೆಯ. ಡಿಪ್ಲೊಮಾದಲ್ಲಿ ಜೊತೆಗೆ ಓದಿದವನು, ಗಾಡಿ ಓಡಿಸುವುದರಲ್ಲಿ ನನಗಿಂತ ಹತ್ತು ಪಟ್ಟು ಚುರುಕು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಾಗುತ್ತಿದ್ದ. 1,600 ಮೀಟರ್ ಆರೂವರೆ ನಿಮಿಷದಲ್ಲಿ ಓಡಬೇಕು, ಅವನು ಆರಕ್ಕೂ ಮೊದಲೇ ಮುಗಿಸುತ್ತಿದ್ದ. ಒಂದು ರಾತ್ರಿ ಹೆದ್ದಾರಿಯಲ್ಲಿ ರೀಲ್ಸ್‌ಗೆಂದು ವೀಲಿ ಮಾಡಿದ. ಮುಂದಿನ ಚಕ್ರ ಮೇಲಿದ್ದಾಗ ಎದುರಿಗೆ ಏನಿದೆ ಎಂದು ಸವಾರನಿಗೆ ಸರಿಯಾಗಿ ಕಾಣುವುದಿಲ್ಲ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಇತ್ತು. ತೊಡೆಗೆ ರಾಡ್ ಹಾಕಿದ್ದಾರೆ. ಈಗ ಮಾವನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾನೆ.

ಅವನದು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ 2019ರ ತಿದ್ದುಪಡಿಯ ನಂತರ 5,000 ರೂಪಾಯಿವರೆಗೆ ದಂಡವಿದೆ, ಜೈಲೂ ಇದೆ. ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ 25,000 ದಂಡ. ಇರಲಿ, ಬೇಕು. ಆದರೆ "ಇಲ್ಲಿ ಮಾಡಬೇಡ" ಎನ್ನುವವರು "ಅಲ್ಲಿ ಮಾಡು" ಎಂದು ತೋರಿಸಲು ಮೈಸೂರು ಜಿಲ್ಲೆಯಲ್ಲಿ ನನ್ನಂಥವನಿಗೆ ನಿತ್ಯ ಕಲಿಯುವ ಒಂದು ಮಣ್ಣಿನ ಟ್ರ್ಯಾಕ್ ಸಿಗಲಿಲ್ಲ. ಲಲಿತ ಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ರೇಸ್ ನಡೆದದ್ದುಂಟು. ಅದು ನೋಡುವವರಿಗೆ ಒಂದೆರಡು ದಿನದ ಹಬ್ಬ.

ಇದು ಜಾವಾ, ಯೆಜ್ಡಿ ತಯಾರಾದ ಊರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಟಿವಿಎಸ್ ಕಾರ್ಖಾನೆ ಇಂದಿಗೂ ಕಡಕೊಳದಲ್ಲಿ, ನಂಜನಗೂಡು ರಸ್ತೆಯಲ್ಲೇ ಇದೆ. ಅದೇ ಟಿವಿಎಸ್ ತಂಡದ ಸವಾರ, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದರು. ಅದಕ್ಕೂ ಮೊದಲು, 2015ರಲ್ಲಿ, ಬೆಂಗಳೂರಿನ ಸಿ.ಎಸ್. ಸಂತೋಷ್ 36ನೇ ಸ್ಥಾನದಲ್ಲಿ ಮುಗಿಸಿದ್ದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಗಾಡಿ ತಯಾರಿಸಲು ನಮ್ಮಲ್ಲಿ ಜಾಗವಿದೆ, ಓಡಿಸಲು ಹುಡುಗ ಹುಡುಗಿಯರೂ ಇದ್ದಾರೆ.

ಟ್ರ್ಯಾಕ್‌ನಲ್ಲಿ ಅಪಾಯವಿಲ್ಲ ಎಂದರೆ ಸುಳ್ಳಾಗುತ್ತದೆ. 2021ರ ಡಕಾರ್‌ನಲ್ಲಿ ಬಿದ್ದ ಸಂತೋಷ್ ಅವರನ್ನು ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿ ಇರಿಸಬೇಕಾಯಿತು. ಐಶ್ವರ್ಯಾ ವಿಶ್ವಕಪ್ ಗೆಲ್ಲುವ ಹಿಂದಿನ ವರ್ಷ ಸ್ಪೇನ್‌ನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡಿದ್ದರು. ಖರ್ಚೂ ಇದೆ. ಬೂಟು, ಮೊಣಕಾಲು ಕವಚ, ಎದೆ ಕವಚ, ಹೆಲ್ಮೆಟ್ ಎಲ್ಲ ಸೇರಿದರೆ ನನ್ನ ಒಂದು ತಿಂಗಳ ಸಂಬಳ ಮೀರುತ್ತದೆ, ನಾನು ಬಾಡಿಗೆಗೆ ಪಡೆದೆ. ಇದನ್ನು ಕಲಿತರೆ ಕೆಲಸ ಸಿಗುತ್ತದೆ ಎಂದೂ ಹೇಳಲಾರೆ. ಕೆಲಸವಿಲ್ಲದ ಹುಡುಗರಿಗೆ ಇದೆಲ್ಲ ಯಾಕೆ ಎಂದು ಹಿರಿಯರು ಕೇಳುತ್ತಾರೆ. ಆ ಹುಡುಗರು ಈಗಾಗಲೇ ಗಾಡಿ ಮೇಲಿದ್ದಾರಲ್ಲ, ಹೆದ್ದಾರಿಯಲ್ಲಿ, ಬೂಟಿಲ್ಲದೆ, ಚಪ್ಪಲಿಯಲ್ಲಿ!

ನಾನು ಕೇಳುವುದು ಸ್ಟೇಡಿಯಂ ಅಲ್ಲ. ಬೆಳೆ ಬಾರದ ಮೂರ್ನಾಲ್ಕು ಎಕರೆ, ದನ ಮೇಯುವ ಗೋಮಾಳ ಬಿಟ್ಟು. ಎರಡು ದಿನ ಜೆಸಿಬಿ ಓಡಿದರೆ ದಿಬ್ಬಗಳಾಗುತ್ತವೆ. ದೂಳಿಗೆ ಒಂದು ಟ್ಯಾಂಕರ್ ನೀರು. ಬಾಡಿಗೆಗೆ ಹತ್ತು ಜೊತೆ ಕವಚ, ಒಬ್ಬ ತರಬೇತುದಾರ, ಭಾನುವಾರ ಒಂದು ಆಂಬುಲೆನ್ಸ್. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ಕಂಪನಿಗಳೂ ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ. ಲೈಸೆನ್ಸ್ ಇದ್ದವರಿಗಷ್ಟೇ ಪ್ರವೇಶ ಎಂದರೆ, ಲೈಸೆನ್ಸ್ ಮಾಡಿಸಲು ಕೂಡ ನಮ್ಮ ಹುಡುಗರಿಗೆ ಒಂದು ಕಾರಣ ಸಿಕ್ಕೀತು.

ಕಳೆದ ವಾರ ಗೊಬ್ಬರದಂಗಡಿಗೆ ಹೋಗಿ ಗೆಳೆಯನಿಗೆ ನನ್ನ ವಿಡಿಯೊ ತೋರಿಸಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. "ಅಲ್ಲಿ ಎದುರ್ಗಡೆಯಿಂದ ಯಾರೂ ಬರಲ್ವೇನ್ಲಾ?" ಎಂದ. ಎಲ್ಲರೂ ಒಂದೇ ದಿಕ್ಕಿಗೆ ಓಡಿಸ್ತಾರೆ, ಯಾರಾದ್ರೂ ಬಿದ್ರೆ ಹಿಂದಿನವರಿಗೆ ಹಳದಿ ಬಾವುಟ ತೋರಿಸ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ಸಲ ಹಾಕು" ಎಂದ.